ಹಾಲುವಾಣ

ನವೆಂಬರ್ ಎರಡು.
ಸತ್ತವರ ಹಬ್ಬ ಅನ್ನಬಾರದು, ದಿನ ಅನ್ನು,
ಎಂದು ತಿದ್ದುತ್ತಾಳೆ ಸೆವ್ರಿನ್ ಮಾವ್ಶಿ,
ಜೀಪಿನ ಹಿಂದಿನ ಸೀಟಿನಲ್ಲಿ ಮೇಣದ ಬತ್ತಿಗಳನ್ನು
ಮೊಟ್ಟೆಯಂತೆ ಮಡಿಲಲ್ಲಿಟ್ಟುಕೊಂಡು.

ಸಿದ್ದಾಪುರ ದಾಟಿದರೆ ಎಸ್ಟೇಟಿನ ಗೇಟು.
ರೈಟರ್ ಬೆಳ್ಯಪ್ಪ ವಹಿ ಮುಂದೆ ತಳ್ಳಿದರು:
ಹೆಸರು, ಊರು, ಬಂದ ಕಾರಣ.
ಭೇಟಿ, ಎಂದು ಬರೆದೆ.
ಯಾರನ್ನು ಎಂಬ ಕಡೆ ಖಾಲಿ ಬಿಟ್ಟೆ.
"ಆನೆ ಮೂರಿವೆ, ಒಂದಕ್ಕೆ ಮರಿ.
ಚಾತನನ್ನು ಕರಕೊಂಡು ಹೋಗಿ, ಪಟಾಕಿ ಅವನ ಹತ್ತಿರ."

ಮೊದಲು ಸಿಗುವವು ದೊರೆಗಳ ಗೋರಿ.
ಹಡಗಿನಲ್ಲಿ ಬಂದ ಕಲ್ಲು, ಆಳಕ್ಕೆ ಕೊರೆದ ಅಕ್ಷರ:
ಇಪ್ಪತ್ತಾರು ವರ್ಷ, ಹತ್ತೊಂಬತ್ತು ವರ್ಷ,
ಹನ್ನೊಂದು ದಿನ.
ಆ ಕೂಸಿನ ತಲೆಯ ಬಳಿ ಕೂಸಿಗಿಂತ ದೊಡ್ಡ ದೇವದೂತ,
ಒಂದು ರೆಕ್ಕೆ, ಆನೆ ಮೈ ಉಜ್ಜಿ, ಇಲ್ಲ.
ಎಲ್ಲರನ್ನೂ ಒಯ್ದದ್ದು ಒಂದೇ ಚಳಿಜ್ವರ.
ಎಲ್ಲರ ಪೆಟ್ಟಿಗೆ ಮಾಡಿದವನೂ ಒಬ್ಬನೇ:
ಹೆಗಲಲ್ಲಿ ಗರಗಸ, ಸೊಂಟದಲ್ಲಿ ಉಳಿ,
ಬಂಟ್ವಾಳದ ಕಡೆಯಿಂದ ಸಂಪಾಜೆ ಘಾಟಿ ಹತ್ತಿ
ಆರು ತಿಂಗಳಿಗೆಂದು ಬಂದ ಬಸ್ತ್ಯಾಂವ್ ಲಸ್ರಾದೊ,
ನನ್ನ ಮುತ್ತಜ್ಜ.

ಕರೆಸಿದ್ದು ಬಂಗಲೆಯ ಕಿಟಕಿಗೆ.
ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ
ಕಿಟಕಿ ಅರ್ಧಕ್ಕೆ ನಿಂತು ಪೆಟ್ಟಿಗೆಯೇ ಕಸುಬಾಯಿತು.
ದೊರೆಗೆ ಬೀಟೆ, ರೈಟರಿಗೆ ಹಲಸು,
ಕೂಲಿಯವರಿಗೆ ಚಾಪೆ.
ಅಳತೆಗೋಲು ಬೇಕಿರಲಿಲ್ಲವಂತೆ ಅವನಿಗೆ,
ಕೆಮ್ಮುವವರನ್ನು ದೂರದಿಂದ ಒಮ್ಮೆ ನೋಡಿದರೆ ಸಾಕು.
ಸಂತೆಯಲ್ಲಿ ಅವನೆದುರು ಯಾರೂ ನಿಲ್ಲುತ್ತಿರಲಿಲ್ಲ,
ಎಂದು ನಗುತ್ತಾಳೆ ಮಾವ್ಶಿ.
ಅವನದೆಂದು ಮನೆಯಲ್ಲಿ ಉಳಿದ ಕತೆ ಇದೊಂದೇ.

ಇನ್ನೊಂದಿದೆ, ಅದನ್ನು ನಗದೆ ಹೇಳುತ್ತಾಳೆ.
ಅವನ ಸರದಿ ಬಂದಾಗ ಪೆಟ್ಟಿಗೆ ಮಾಡುವವರಿರಲಿಲ್ಲ.
ಹದಿಮೂರರ ಮಗ, ಉಳಿ ಹಿಡಿಯಲು ಬಾರದವನು,
ಬೇಲಿಯ ಹಾಲುವಾಣ ಕಡಿದು
ನೆಟ್ಟಗೊಂದು, ಅಡ್ಡಕ್ಕೊಂದು, ಹುರಿಯಲ್ಲಿ ಬಿಗಿದು
ತಲೆಯ ಕಡೆ ಹುಗಿದನಂತೆ.
ಹಾಲುವಾಣ!
ಒಲೆಗಿಟ್ಟರೆ ಹೊಗೆ, ಮೊಳೆ ಹೊಡೆದರೆ ಸೀಳು,
ಬಡಗಿಯಾದವನು ಮುಟ್ಟದ ಮರ.
ಕಣ್ಣು ಬಿಟ್ಟಿದ್ದರೆ ಬಸ್ತ್ಯಾಂವ್ ಮಗನ ಕಿವಿ ಹಿಂಡುತ್ತಿದ್ದ.

ಹುಡುಕಿದೆವು. ಕಲ್ಲಿಲ್ಲ, ಶಿಲುಬೆಯಿಲ್ಲ.
ಕೆಂಪಿಗೆ ತಿರುಗುತ್ತಿದ್ದ ಕಾಫಿ, ಮುಖಕ್ಕೆ ಜೇಡನ ಬಲೆ.
ಬತ್ತಿಯನ್ನು ಎಲ್ಲಿ ನಿಲ್ಲಿಸಲಿ ಎಂದು
ಮಾವ್ಶಿ ನೆಲ ನೋಡುತ್ತಿದ್ದಾಗ
ಚಾತ ಕತ್ತಿಯ ತುದಿಯಿಂದ ಮೇಲೆ ತೋರಿಸಿದ.
"ಪೆಟ್ಟಿಗೆಯವನ ಮರ. ನಮ್ಮಜ್ಜ ಹಾಗೇ ಕರೀತಿದ್ದ."

ಹಸಿ ಗೂಟ ಬೇರು ಬಿಟ್ಟಿತ್ತು.
ಒಬ್ಬರ ತೋಳಿಗೆ ಸಿಗದ ಕಾಂಡ,
ಮುಳ್ಳು, ಮುಳ್ಳಿನ ಮೇಲೆ ಮೆಣಸಿನ ಬಳ್ಳಿ,
ಬಳ್ಳಿ ಸರಿಸಿದರೆ ಸುಣ್ಣದಲ್ಲಿ ಎಸ್ಟೇಟಿನ ನಂಬರು, ೨೧೭.
ಅಡ್ಡ ಕೋಲು ಯಾವ ಮಳೆಗೆ ಕಳಚಿತೋ.

"ಮಳೆಗೆ ಮುಂಚೆ ಕಪಾತು ಮಾಡ್ತೇವೆ. ಕೊಂಬೆ ಬಿಸಾಡೋದಿಲ್ಲ,
ನೆರಳಿಲ್ಲದ ಕಡೆ ಊರ್ತೇವೆ.
ಆ ಗುಡ್ಡ ಉಂಟಲ್ಲ, ಪೂರಾ ಇದರದ್ದೇ."

ಗುಡ್ಡ ನೋಡಿದೆ.
ಆರು ತಿಂಗಳಿಗೆಂದು ಬಂದವನು.

ಬೇರಿನ ಸಂದಿಯಲ್ಲಿ ಬತ್ತಿ ಹತ್ತಿತು.
ಕೊಂಕಣಿ ಪ್ರಾರ್ಥನೆ ನನಗೆ ಅರ್ಧ ಮರೆತಿದೆ,
ಆಮೆನ್ ಮಾತ್ರ ಜೋರಾಗಿ ಹೇಳಿದೆ.
ಒಂದು ಬತ್ತಿ ಉಳಿದಿತ್ತು. ಸೌಜನ್ಯಕ್ಕೆಂದು ಕೇಳಿದೆ:
ನಿಮ್ಮವರನ್ನೆಲ್ಲ ಎಲ್ಲಿ, ಚಾತ?
ಅವನು ಬೀಡಿಯನ್ನು ಕಿವಿಗೆ ಸಿಕ್ಕಿಸಿ
ನನ್ನ ಕಾಲಿನ ಕಡೆ ನೋಡಿದ,
ನಾವು ನಡೆದು ಬಂದ ಕಾಫಿ ಸಾಲಿನ ಕಡೆ,
ಆ ಸಾಲಿನಾಚೆಯ ಸಾಲು.
"ನಮ್ಮವರು ತೋಟಕ್ಕಿಂತ ಮೊದಲಿನವರು," ಎಂದ. ಅಷ್ಟೇ.

ಮರಳುವಾಗ ಕಾಲಿಡುವುದು ಕಷ್ಟವಾಯಿತು.
ಬತ್ತಿ ನನ್ನ ಮುಷ್ಟಿಯಲ್ಲಿ ಮೆತ್ತಗಾಗಿ ಬಾಗಿತು,
ಎಲ್ಲಿ ಊರಿದರೂ ಒಬ್ಬರದಾಗುತ್ತಿತ್ತು,
ಉಳಿದವರದಲ್ಲ.

ಗೇಟಿನಲ್ಲಿ ಬೆಳ್ಯಪ್ಪ ಕೇಳಿದರು, ಸಿಕ್ಕಿತಾ?
ಸಿಕ್ಕಿತು, ಎಂದಳು ಮಾವ್ಶಿ. ಇನ್ನೂರ ಹದಿನೇಳು.
ಅವರು ಇನ್ನೊಂದು ವಹಿ ತೆಗೆದು, ಬೆರಳಿಗೆ ಎಂಜಲು ಹಚ್ಚಿ,
"ಓ ಅದಾ," ಎಂದರು, "ಒಳ್ಳೇ ಮರ.
ಹೋದ ವರ್ಷ ಒಂಬತ್ತು ಕಿಲೋ ಮೆಣಸು."